"ಅಡಿಯಲ್ಲಿ ನೀರು ನೂಕುವುದಿಲ್ಲವಾ?"

ಮೊನ್ನೆ ಭಾನುವಾರ ಪೆರ್ಲದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ದೊಡ್ಡಪ್ಪನಿಗೆ ಒಂದು ಚಿತ್ರ ತೋರಿಸಿದೆ. ತೋಡಿನ ಕಟ್ಟಕ್ಕೆ, ಅಂದರೆ ಹಳ್ಳದ ನೀರು ನಿಲ್ಲಿಸುವ ಸಣ್ಣ ಒಡ್ಡಿಗೆ, ಈ ಸಲ ಹೊಸ ಹಲಗೆ ಬೇಕು. ಎಷ್ಟು ದಪ್ಪದ್ದು ಅಂತ ಲೆಕ್ಕ ಮಾಡಿ ಕೊಡ್ತೇನೆ ಅಂದವಳು ನಾನೇ. ನೀರು, ಗಾಳಿಯ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಸಾಫ್ಟ್‌ವೇರ್‌ನಲ್ಲಿ ಹಲಗೆಯ ಹಿಂದೆ 2 ಮೀಟರ್ ನೀರು ನಿಲ್ಲಿಸಿ ಒತ್ತಡಕ್ಕೆ ಬಣ್ಣ ಕೊಟ್ಟಿದ್ದೆ. ಮೇಲಿಂದ ಕೆಳಗಿನವರೆಗೆ ಒಂದೇ ನೀಲಿ.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. "ಅಲ್ಲ ಮಗಾ, ಮೇಲಿನ ಹಲಗೆಗೂ ಅಡಿಯ ಹಲಗೆಗೂ ಒಂದೇ ಬಣ್ಣ ಉಂಟಲ್ಲ. ಅಡಿಯಲ್ಲಿ ನೀರು ನೂಕುವುದಿಲ್ಲವಾ?"

"ಅಪ್ಪಾ, ಅದು ಕಂಪ್ಯೂಟರ್ ಲೆಕ್ಕ, ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಅಂದ ಅಣ್ಣ. ನನಗೆ ಆ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಸೊಂಟದವರೆಗೆ ನೀರಿಗಿಳಿದು ಹಲಗೆ ಕೂರಿಸಿದವರು ದೊಡ್ಡಪ್ಪ. ಅಣ್ಣ ದಡದಲ್ಲಿ ನಿಂತು ಫೋಟೋ ತೆಗೆದವನು.

ಅಡಿಯಲ್ಲಿ ನೀರು ನೂಕುವುದಿಲ್ಲವಾ? ನೂಕುತ್ತದೆ. ನೀರಿನಲ್ಲಿ ಪ್ರತಿ ಮೀಟರ್ ಆಳಕ್ಕೆ ಸುಮಾರು 9,810 ಪಾಸ್ಕಲ್ ಒತ್ತಡ ಏರುತ್ತದೆ. ನಾನು ತೋರಿಸಿದ್ದು ಪೂರ್ತಿ ಒತ್ತಡ ಅಲ್ಲ, 'ಪಿ-ಆರ್‌ಜಿಎಚ್' ಅನ್ನುವುದನ್ನು. ಅಂದರೆ ನಿಂತ ನೀರಿನ ಭಾರದಿಂದ ಬರುವ ಪಾಲನ್ನು ಕಳೆದು ಉಳಿದದ್ದು. ಕಳೆಯುವುದಕ್ಕೆ ಕಾರಣ ಇದೆ. ನೀರು ಸೆಕೆಂಡಿಗೆ 1 ಮೀಟರ್ ಓಡಿದರೆ ಅದರ ಓಟದ ಒತ್ತಡ ಬರೀ 500 ಪಾಸ್ಕಲ್, 2 ಮೀಟರ್ ಆಳದ ನಿಂತ ಒತ್ತಡ 19,620. ದೊಡ್ಡದನ್ನು ಇಟ್ಟುಕೊಂಡೇ ಲೆಕ್ಕ ಮಾಡಿದರೆ ಅದರಲ್ಲಾಗುವ ಸಣ್ಣ ತಪ್ಪೇ ಸುಮ್ನೆ ನಿಂತ ನೀರನ್ನು ಅಲುಗಾಡಿಸಿಬಿಡುತ್ತದೆ. ಲೆಕ್ಕದ ಜಾಗದಿಂದ ನೀರು ಹೊರಹೋಗುವ ಅಂಚಿನಲ್ಲೂ ಅಷ್ಟೇ. ಮೇಲಿಂದ ಅಡಿಯವರೆಗೆ ಪೂರ್ತಿ ಒತ್ತಡ ಸೊನ್ನೆ ಅಂತ ಕೊಟ್ಟರೆ ಅಡಿಯ ನೀರಿಗೆ ಎದುರು ಒತ್ತುವವರೇ ಇಲ್ಲದ ಹಾಗಾಗಿ, ನಿಲ್ಲಬೇಕಾದದ್ದು ನುಗ್ಗಿ ಹೋಗುತ್ತದೆ. ಓದುವಾಗ ಇದೇ ತಪ್ಪು ಮಾಡಿ ಒಂದು ವಾರ ಕಳೆದಿದ್ದೆ.

ಹಾಗಾಗಿ ಕಳೆಯುವುದು ಸರಿ. ಆದರೆ ಹಲಗೆಯ ಮೇಲಿನ ಬಲ ಬೇಕಾದಾಗ ಕಳೆದದ್ದನ್ನು ಮತ್ತೆ ಕೂಡಿಸಬೇಕು, ಅಲ್ವಾ? ಸಾಫ್ಟ್‌ವೇರ್ ಪೂರ್ತಿ ಒತ್ತಡವನ್ನೂ ಪಕ್ಕದಲ್ಲೇ ಬರೆದಿಟ್ಟಿತ್ತು. ನಾನು ಬಲದ ಲೆಕ್ಕಕ್ಕೂ ಕಳೆದದ್ದನ್ನೇ ಕೊಟ್ಟಿದ್ದೆ, ಬಲ ಹತ್ತಿರ ಹತ್ತಿರ ಸೊನ್ನೆ ಬಂದಿತ್ತು.

ಅಲ್ಲೇ ಕೂತು ಸರಿಮಾಡಿದೆ. ಒಂದು ಮೀಟರ್ ಅಗಲದ ಹಲಗೆ ಸಾಲಿನ ಮೇಲೆ ಸುಮಾರು 2 ಟನ್ ಭಾರದಷ್ಟು ನೂಕು. ಅದರ ಮುಕ್ಕಾಲು ಪಾಲು ಕೆಳಗಿನ ಅರ್ಧಕ್ಕೇ. ದೊಡ್ಡಪ್ಪ ಮೊದಲಿಂದಲೂ ಅಡಿಗೆ ದಪ್ಪ ಹಲಗೆಯನ್ನೇ ಇಡುತ್ತಿದ್ದರು. ಹಿಂದೆ ನೀರು ಎಷ್ಟು ದೂರದವರೆಗೆ ನಿಂತರೂ ನೂಕು ಜಾಸ್ತಿ ಆಗುವುದಿಲ್ಲ, ಆಳ ಮಾತ್ರ ಲೆಕ್ಕ ಅಂದಾಗ ಅವರಿಗೆ ಆಶ್ಚರ್ಯ ಆಯಿತು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಆ ಪ್ರಶ್ನೆ ಈ ವಾರವಿಡೀ ತಲೆಯಲ್ಲಿದೆ. ಆಫೀಸಿನಲ್ಲಿ ಇಂಥ ಬಣ್ಣದ ಚಿತ್ರಗಳನ್ನು ಎಷ್ಟು ಜನರಿಗೆ ಕಳಿಸಿದ್ದೇನೋ. ಏನನ್ನು ಕಳೆದಿದ್ದೇವೆ ಅಂತ ಚಿತ್ರದ ಮೇಲೆ ಬರೆಯುವುದಿಲ್ಲ. ನೋಡುವವರೂ ಕೇಳುವುದಿಲ್ಲ, ಕೇಳಿದರೆ ತಮಗೆ ಗೊತ್ತಿಲ್ಲ ಅಂದುಕೊಂಡಾರು ಅಂತ. ಆ ಸಂಕೋಚವನ್ನು ಅಣ್ಣನಂಥವರು ಇನ್ನೂ ಬೆಳೆಸುತ್ತಾರೆ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಅವನು ಇದನ್ನು ಓದಬೇಕು.

ನಿನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. "ಮಗಾ, ಮಳೆ ಬಂದು ನೀರು ಹಲಗೆ ಮೇಲಿಂದ ಹಾರಿ ಬೀಳ್ತದಲ್ಲ, ಆಗ ಎಂತ?" ಆಗ ನಿಂತ ಒತ್ತಡ, ಓಡುವ ಒತ್ತಡ ಎರಡೂ ಬೇಕು. ರಾತ್ರಿಯೇ ಲೆಕ್ಕಕ್ಕೆ ಹಾಕಿದ್ದೇನೆ, ಇನ್ನೂ ಓಡುತ್ತಿದೆ.