ಮೇಳಗಳು ಘಟ್ಟ ಹತ್ತಿದ ಹಾದಿ

ಸೋಮೇಶ್ವರದಿಂದ ಆಗುಂಬೆಗೆ 14 ತಿರುವು. ಈಗ ಬಸ್ಸಿನಲ್ಲಿ ಏರುವ ಈ ಘಟ್ಟವನ್ನು ಹಿಂದೆ ಯಕ್ಷಗಾನ ಬಯಲಾಟದ ಮೇಳಗಳು, ಅಂದರೆ ತಂಡಗಳು, ನಡೆದೇ ಹತ್ತುತ್ತಿದ್ದವು. ತೀರ್ಥಹಳ್ಳಿ, ಕೊಪ್ಪದ ಕಡೆಯವರು ಕರಾವಳಿಯ ಮಂದಾರ್ತಿಯ ದುರ್ಗಾಪರಮೇಶ್ವರಿ ಅಮ್ಮನಿಗೆ ಆಟ ಆಡಿಸುವ ಹರಕೆ ಹೊತ್ತರೆ ಮೇಳವೇ ಅವರ ಅಂಗಳಕ್ಕೆ ಬರಬೇಕಿತ್ತು. ವೇಷದ ಪೆಟ್ಟಿಗೆ ತಲೆಹೊರೆಯಲ್ಲಿ ಬರುತ್ತಿತ್ತು. ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ, ಕನ್ನಡಿಚೂರು ಅಂಟಿಸುತ್ತಿದ್ದುದರ ಬೆಲೆ ಗೊತ್ತಾಗುವುದು ಈ ಏರಿನಲ್ಲೇ. ಹೊರುವವನಿಗೂ ಹಗುರ, ಬೆಳಗಿನವರೆಗೆ ಕುಣಿಯುವವನಿಗೂ ಹಗುರ.

ತೀರ್ಥಹಳ್ಳಿ ಸೀಮೆಯಲ್ಲಿ ಆಟ ನೋಡಲು ಗದ್ದೆ ಕೊಯ್ಲು ಮುಗಿದ ಮೇಲೆ ಬನ್ನಿ. ದೀಪಾವಳಿ ಕಳೆದ ಮೇಲೆ ಹೊರಡುವ ತಿರುಗಾಟ ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ. ರಂಗಸ್ಥಳದ ಮುಂದೆ ಜಾಗ ಹಿಡಿಯುವ ಮೊದಲು ವೇಷ ಕಟ್ಟುವ ಚೌಕಿಗೆ ಹೋಗಿ, ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಂದು ಮೂಲೆಯಲ್ಲಿ ಕೂರಿ. ನಟನ ಬದುಕು ಅರ್ಥವಾಗುವುದು ಅಲ್ಲಿ.

ಹಳೆಯ ಕ್ರಮದಲ್ಲಿ ಬಣ್ಣವೆಂದರೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಕಲಸಲು ತೆಂಗಿನೆಣ್ಣೆ. ರಾಕ್ಷಸನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಅರೆದು ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡಬೇಕು. ಒಂದು ಸುತ್ತು ಒಣಗದೆ ಮೇಲಿನದು ನಿಲ್ಲದು, ಹಾಗಾಗಿ ಗಂಟೆಗಟ್ಟಲೆ ಮುಖ ಅಲುಗಿಸದೆ ಕೂರಬೇಕು. ಹಿಟ್ಟು ತೆಳುವಾದರೆ ಇಳಿಯುತ್ತದೆ, ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ. ಮುಂಡಾಸಿನ ಕಟ್ಟು ಸಡಿಲವಾದರೆ ಮೊದಲ ಗಿರಕಿಗೇ ವಾಲುತ್ತದೆ. ಬಿಗಿ ಮಿತಿ ಮೀರಿದರೆ ನಡುರಾತ್ರಿಗೆ ತಲೆ ಸಿಡಿಯುತ್ತದೆ. ಮಲೆನಾಡಿನ ಇಬ್ಬನಿಗೆ ಚಂಡೆಯ ಚರ್ಮ ಸಡಿಲಾಗುವುದು ಮತ್ತೊಂದು ಕಾಟ. ಬೆಂಕಿಗೆ ಹಿಡಿದು ಬಿಸಿ ಮಾಡಿದರೆ ನಾದ ಮರಳುತ್ತದೆ. ಹಿಂದೆ ಬೆಳಕು ದೀವಟಿಗೆಯದ್ದು. ಕುಣಿಯುವ ಆ ಜ್ವಾಲೆಯಲ್ಲಿ ದೂರದವರಿಗೂ ಮುಖ ಕಾಣಬೇಕೆಂದೇ ಗೆರೆಗಳು ಅಷ್ಟು ದಪ್ಪ.

ಆಗ ಹುಡುಗ ಮೇಳ ಸೇರಿದರೆ ಮೊದಲು ಕೋಡಂಗಿ, ಆಟದ ಆರಂಭದಲ್ಲಿ ಕುಣಿಯುವ ಎಳೆಯರ ವೇಷ. ನಂತರ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ. ಮುಖ್ಯ ಪಾತ್ರಗಳಾದ ಪುರುಷವೇಷ, ಎರಡನೇ ವೇಷದ ಮಟ್ಟಕ್ಕೆ ಬರಲು ವರ್ಷಗಳೇ ಬೇಕು. ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನಮ್ಮ ಅಭಿಪ್ರಾಯ: ಹೆಜ್ಜೆ, ತಾಳ, ಸಭೆಯ ಭಯ ಬಿಡುವುದು ಎಲ್ಲವೂ ಕಥೆ ಶುರುವಾಗುವ ಮೊದಲಿನ ಈ ಪೂರ್ವರಂಗದಲ್ಲೇ ಪಳಗುತ್ತಿತ್ತು. ಮಾತಿನ ಪಾಠ ಮಾತ್ರ ಬೇರೆ. ಭಾಗವತರು ಹಾಡುವ ಪದಕ್ಕೆ ಅರ್ಥ ಹೇಳಲು ಬರೆದಿಟ್ಟ ಸಂಭಾಷಣೆ ಇಲ್ಲ; ಪುರಾಣ ತಿಳಿದಿರಬೇಕು, ಎದುರು ವೇಷಧಾರಿ ಎತ್ತಿದ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೊಳೆಯಬೇಕು. ಆ ಕಾಲದಲ್ಲಿ ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಎಣ್ಣೆ ಹಚ್ಚಿ ಬಣ್ಣ ತೆಗೆದು, ಉಂಡು, ಮುಂದಿನೂರಿಗೆ ನಡಿಗೆ. ನಿದ್ದೆ ಅಲ್ಲಿ ಹೋಗಿ.

ಈ ಸೀಮೆಯ ಹಳೆಯ ಹಾಡು-ಕುಣಿತದ ನೆನಪಿಗಾಗಿ, ಸಾಗರದ ಹತ್ತಿರದ ಇಕ್ಕೇರಿಯನ್ನೂ, ಕೆಳದಿ ನಾಯಕರ ಹಳೆಯ ರಾಜಧಾನಿಯನ್ನು, ಈ ಹಾದಿಗೆ ಸೇರಿಸಿಕೊಳ್ಳಿ. ಅರಮನೆ ಈಗಿಲ್ಲ, ಅಘೋರೇಶ್ವರ ದೇಗುಲ ಇದೆ. 1623ರಲ್ಲಿ ವೆಂಕಟಪ್ಪ ನಾಯಕನ ಕಾಲದಲ್ಲಿ ಇಲ್ಲಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಹಾಡುತ್ತ ಕುಣಿದ ಹುಡುಗಿಯರ ವಿವರ ಬರೆದಿಟ್ಟಿದ್ದಾನೆ.

ಮಳೆಗಾಲಕ್ಕೆ ಬಂದರೆ ಬಯಲಲ್ಲಿ ಆಟ ಸಿಗದು. ಆ ತಿಂಗಳುಗಳಲ್ಲಿ ನಟ ಗದ್ದೆಗೆ ಇಳಿಯುತ್ತಿದ್ದ. ನವರಾತ್ರಿ ಬಂತೆಂದರೆ ಹುಡುಗರನ್ನು ಕಟ್ಟಿಕೊಂಡು ಹೂವಿನಕೋಲು ಹಿಡಿದು ಮನೆಮನೆಗೆ ಹೋಗುವ ರೂಢಿ ಕರಾವಳಿಯಲ್ಲಿತ್ತು. ಜಗಲಿಯಲ್ಲಿ ಕೂತು ಒಂದು ಪ್ರಸಂಗದ ತುಣುಕು ಹೇಳಿದರೆ ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ಕಾಸು ಸಿಗುತ್ತಿತ್ತು.