ಮೂರು ಎರಡು ಒಂದು ನಾಲ್ಕು

ನಾನು ಮಗಳಿಗೆ ಸುಳ್ಳು ಹೇಳಿದ್ದು ಇದೇ ಭಾನುವಾರ ಬೆಳಿಗ್ಗೆ ಏಳೂವರೆಗೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಮುಂದೆ, ಲುಂಗಿ ಉಟ್ಟುಕೊಂಡು ಕಾರಿನ ಮಗ್ಗುಲಲ್ಲಿ ನೆಲಕ್ಕೆ ಮಲಗಿದ್ದೆ. ಎದುರು ಮನೆಯಾಕೆ ರಂಗೋಲಿ ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಮಾಸ್ತರರಿಗೆ ಎದೆನೋವು ಬಂದಿತೇ ಎಂದು ಅವರಿಗೆ ಗಾಬರಿಯಾಗಿರಬೇಕು. ನಾನು ಟೈರು ಓದುತ್ತಿದ್ದೆ.

ಮಗಳಿರುವುದು ಕೆನಡಾದ ಒಟ್ಟಾವಾದಲ್ಲಿ. ನಮ್ಮ ಭಾನುವಾರದ ಬೆಳಗು ಅವರಿಗೆ ಶನಿವಾರದ ರಾತ್ರಿ, ಹತ್ತೂವರೆ ತಾಸು ಹಿಂದೆ. ಎರಡು ಚಳಿಗಾಲಗಳನ್ನು ಬಸ್ಸಿನಲ್ಲಿ ಓಡಾಡಿ ಕಳೆದ ಗಂಡ ಹೆಂಡತಿ ಈ ಬೇಸಿಗೆಯಲ್ಲಿ ಕಾರು ಕೊಂಡರು. ನವೆಂಬರ್ ಹುಟ್ಟಿದಾಗಿನಿಂದ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಕುಳಿತಿದ್ದೆ: ಚಳಿಗಾಲದ ಟೈರು ಹಾಕಿಸಿದಿರಾ? ಮೊದಲ ವಾರ ಮಗಳು "ನೋಡುತ್ತಿದ್ದೇವೆ" ಎಂದಳು. ಎರಡನೆಯ ವಾರ "ಯೋಚಿಸುತ್ತಿದ್ದೇವೆ" ಎಂದಳು. ನೋಡುವುದಕ್ಕೂ ಯೋಚಿಸುವುದಕ್ಕೂ ನಡುವೆ ಅಳಿಯ ಅಡ್ಡ ನಿಂತಿದ್ದಾನೆ ಎಂದು ನನಗೆ ಆಗಲೇ ಹೊಳೆಯಿತು.

ನಮ್ಮ ಕಡೆ ಅಳಿಯನಿಗೆ ಬಹುವಚನ ರೂಢಿ. ಅಳಿಯಂದಿರು ಬಂದರು, ಅಳಿಯಂದಿರು ಉಂಡರು. ಈ ಬರಹದಲ್ಲಿ ಅಷ್ಟು ಮರ್ಯಾದೆ ನನ್ನಿಂದ ಆಗಲಿಕ್ಕಿಲ್ಲ. ಹುಡುಗ ಒಳ್ಳೆಯವನೇ, ವಿಜಯಪುರದವನು, ಕುಡಿಯುವುದಿಲ್ಲ, ನಮ್ಮ ಹುಡುಗಿಗೆ ಸರಿಯಾಗಿ ಚಹಾ ಮಾಡಿಕೊಡುತ್ತಾನೆ. ಆದರೆ ಯಾವ ಪ್ರಶ್ನೆಗೂ ಅವನ ಹತ್ತಿರ ಉತ್ತರ ಮೊದಲೇ ಸಿದ್ಧವಿರುತ್ತದೆ, ನೀವು ಪ್ರಶ್ನೆ ಮುಗಿಸುವುದನ್ನೂ ಕಾಯುವುದಿಲ್ಲ. ತರಗತಿಯಲ್ಲಿ ಇಂಥ ಹುಡುಗರನ್ನು ನಾನು ಬೋರ್ಡಿನ ಮುಂದೆ ಕರೆದು ಲೆಕ್ಕ ಬಿಡಿಸಲು ಹೇಳುತ್ತಿದ್ದೆ.

"ಮಾಮಾ, ನಮ್ಮದು ಆಲ್ ವೀಲ್ ಡ್ರೈವ್. ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಬೇರೆ ಟೈರು ಬೇಕಾಗುವುದಿಲ್ಲ" ಎಂದ.

ನಿವೃತ್ತ ಗಣಿತ ಶಿಕ್ಷಕನಿಗೆ ಇಂಥ ಮಾತು ಸಿಕ್ಕಿದರೆ ತಿಂಗಳೊಪ್ಪತ್ತು ಹೊತ್ತು ಹೋಗುತ್ತದೆ. ನಾನು ಓದತೊಡಗಿದೆ. ಕಾರು ಹೊರಡುವುದಕ್ಕೆ ನಾಲ್ಕು ಗಾಲಿಗಳ ಶಕ್ತಿ ಉಪಯೋಗಕ್ಕೆ ಬರುತ್ತದೆ, ಒಪ್ಪಿದೆ. ನಿಲ್ಲುವುದಕ್ಕೆ? ಬ್ರೇಕು ನಾಲ್ಕು ಗಾಲಿಗಳಿಗೂ ಎಲ್ಲ ಕಾರುಗಳಲ್ಲಿಯೂ ಇರುತ್ತದೆ. ಒಂದೊಂದು ಟೈರು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಗಲದಷ್ಟು ಜಾಗದಲ್ಲಿ. ನಾಲ್ಕು ಅಂಗೈಯಗಲದ ರಬ್ಬರು ಹಿಡಿದರೆ ಕಾರು ನಿಂತಿತು, ಹಿಡಿಯದಿದ್ದರೆ ಇಲ್ಲ. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೂ ಕೇಳಿದರೆ, ಹೊರಡುವಾಗ ಚಕ್ರ ಜಾರದ ಕಾರಿನಲ್ಲಿ ಕುಳಿತವನು ರಸ್ತೆ ಜಾರುತ್ತಿದೆ ಎಂಬುದೇ ತಿಳಿಯದೆ ಜೋರಾಗಿ ಓಡಿಸುತ್ತಾನೆ.

ಸಾಮಾನ್ಯ ಟೈರಿನ ರಬ್ಬರು ಏಳು ಡಿಗ್ರಿ ಸೆಲ್ಸಿಯಸ್ಸಿನಿಂದ ಕೆಳಗೆ ಇಳಿದಂತೆ ಬಿರುಸಾಗುತ್ತ ಹೋಗುತ್ತದಂತೆ. ಚಳಿಗಾಲದ ಟೈರಿನ ರಬ್ಬರಿನ ಪಾಕವೇ ಬೇರೆ, ಸೊನ್ನೆಯ ಕೆಳಗೂ ಮೆತ್ತಗೆ ಉಳಿಯುತ್ತದೆ. ಇದನ್ನು ನಮ್ಮ ಮನೆಯವಳಿಗೆ ವಿವರಿಸಿದಾಗ ಅವಳು ಒಲೆಯ ಮುಂದಿದ್ದಳು. "ಅಂದರೆ ಇದು ಬಿಸಿ ರೊಟ್ಟಿ, ಅದು ಖಡಕ್ ರೊಟ್ಟಿ" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದಳು. ನಾನು ಎರಡು ದಿನ ಓದಿ ತಿಳಿದದ್ದು ಅಷ್ಟೇ. ಬಿಸಿ ರೊಟ್ಟಿ ಮಡಚಿದ ಕಡೆಗೆ ಬಾಗಿ ತಟ್ಟೆಗೆ ಹೊಂದಿಕೊಳ್ಳುತ್ತದೆ, ಖಡಕ್ ರೊಟ್ಟಿ ತಟ್ಟೆಯ ಮೇಲೆ ಜಾರುತ್ತದೆ.

ಆ ಟೈರಿನ ಹಲ್ಲುಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಅವು ನೆಲ ಕಚ್ಚುವ ಅಂಚುಗಳು. ಹಲ್ಲುಗಳ ನಡುವಿನ ಸಂದಿಯಲ್ಲಿ ಹಿಮ ತುಂಬಿಕೊಳ್ಳಬೇಕಂತೆ! ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ತಂದೆಯ ಹೊಲ ಹುನಗುಂದ ತಾಲ್ಲೂಕಿನ ಎರೆಭೂಮಿ. ಮಳೆ ಬಿದ್ದ ಮರುದಿನ ಚಕ್ಕಡಿ ಹೂಡಿದರೆ ಗಾಲಿಗೆ ಎರೆಮಣ್ಣು ಮೆತ್ತಿ ಮೆತ್ತಿ ಗಾಲಿ ಎರಡು ಪಟ್ಟು ದಪ್ಪವಾಗುತ್ತಿತ್ತು, ಎತ್ತುಗಳು ಮುಗ್ಗರಿಸುತ್ತಿದ್ದವು. ಹತ್ತು ಮಾರಿಗೊಮ್ಮೆ ಇಳಿದು ಕೋಲಿನಿಂದ ಮಣ್ಣು ಕೆರೆಯುವುದು ನನ್ನ ಕೆಲಸ. ಗಾಲಿಗೆ ಮೆತ್ತಿದ್ದು ವೈರಿ ಎಂದೇ ತಿಳಿದು ಬೆಳೆದವನು ನಾನು. ಅಲ್ಲಿ ಗಾಲಿಗೆ ಮೆತ್ತಿದ ಹಿಮವೇ ರಸ್ತೆಯ ಹಿಮವನ್ನು ಹಿಡಿಯುತ್ತದೆ, ಏಕೆಂದರೆ ಹಿಮಕ್ಕೆ ಹಿಮ ಅಂಟಿದಷ್ಟು ಚೆನ್ನಾಗಿ ರಬ್ಬರು ಅಂಟುವುದಿಲ್ಲ.

ಅಳಿಯ ಎರಡನೆಯ ಅಸ್ತ್ರ ತೆಗೆದ. "ಮಾಮಾ, ಈಗಿರುವ ಟೈರಿನ ಮೇಲೆ ಎಂ ಪ್ಲಸ್ ಎಸ್ ಎಂದು ಬರೆದಿದೆ. ಮಡ್ ಅಂದರೆ ಕೆಸರು, ಸ್ನೋ ಅಂದರೆ ಹಿಮ. ಎರಡಕ್ಕೂ ಆಗುತ್ತದೆ." ಆ ಅಕ್ಷರಗಳು ಹೇಳುವುದು ಹಲ್ಲಿನ ಆಕಾರದ ಬಗ್ಗೆ ಮಾತ್ರ. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಬೇರೆಯೇ ಗುರುತು ಇದೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಹಾಗೆಂದೆ. ಮೂರನೆಯದು ಕಾನೂನು. "ನಮ್ಮ ಪ್ರಾಂತ್ಯದಲ್ಲಿ ಕಡ್ಡಾಯವಿಲ್ಲ ಮಾಮಾ." ಇದು ನಿಜ. ಒಟ್ಟಾವಾ ನದಿಯ ಈ ದಡ ಒಂಟಾರಿಯೊ, ಅಲ್ಲಿ ಕಡ್ಡಾಯವಿಲ್ಲ. ಸೇತುವೆ ದಾಟಿದರೆ ಕ್ವಿಬೆಕ್, ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. "ಹಿಮಕ್ಕೆ ಯಾವ ದಡ ಯಾರದು ಎಂದು ಗೊತ್ತಿರುತ್ತದೆಯೇ?" ಎಂದು ಕೇಳಿದೆ. ಅವನು ನಕ್ಕ. ಒಂಟಾರಿಯೊದಲ್ಲಿಯೂ ಚಳಿಗಾಲದ ಟೈರು ಹಾಕಿದರೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು, 2016ರಿಂದ. ಅದನ್ನು ಹೇಳಿದ ಮೇಲೆ ಸ್ವಲ್ಪ ಮೆತ್ತಗಾದ. ದುಡ್ಡಿನ ಮಾತು ಅಳಿಯಂದಿರಿಗೆ ಬೇಗ ತಿಳಿಯುತ್ತದೆ.

ಹೀಗೆ ಟೈರು ತೀರ್ಮಾನವಾಯಿತು. ಉಳಿದದ್ದು ಡಿಸ್ಕು, ಅಂದರೆ ಟೈರು ಕೂರುವ ಲೋಹದ ಗಾಲಿ. ಅವನಿಗೆ ಇದ್ದ ಅಲಾಯ್ ಗಾಲಿಗಳಿಗೇ ಟೈರು ಬಿಚ್ಚಿ ಹಾಕಿಸುವ ಯೋಚನೆ. ವರ್ಷಕ್ಕೆ ಎರಡು ಸಲ ಟೈರನ್ನು ಡಿಸ್ಕಿನಿಂದ ಕಿತ್ತು ಕಿತ್ತು ಹಾಕಿದರೆ ಅದರ ಅಂಚು ಕೆಡುತ್ತದೆ, ಕೂಲಿಯೂ ಎರಡು ಸಲ. ಅದಕ್ಕೆ ಪ್ರತ್ಯೇಕವಾಗಿ ನಾಲ್ಕು ಸಾದಾ ಕಬ್ಬಿಣದ ಡಿಸ್ಕು ತೆಗೆದುಕೊಳ್ಳಿ ಎಂದೆ. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಹೊಳೆಯುವ ಅಲಾಯ್ ಅದರಲ್ಲಿ ಮುಖ ಕೆಡಿಸಿಕೊಳ್ಳುತ್ತದೆ. ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ಅಗ್ಗದ್ದು, ಅತ್ತು ಕರೆಯುವಂಥದ್ದೇನಿಲ್ಲ. "ಕರಿ ಡಿಸ್ಕು ಹಾಕಿದರೆ ಕಾರು ಟ್ಯಾಕ್ಸಿಯ ಹಾಗೆ ಕಾಣುತ್ತದೆ" ಎಂದ. ಇಲ್ಲಿಗೆ ಅವನ ಎಲ್ಲ ತರ್ಕದ ಬುಡ ಸಿಕ್ಕಿತು.

ಅಳತೆಯ ಲೆಕ್ಕ ನಾನೇ ಮಾಡಿಕೊಟ್ಟೆ. ಅವರ ಟೈರು 235/60 ಆರ್ 18. ಅಗಲ 235 ಮಿಲಿಮೀಟರ್, ಅದರ ಶೇಕಡಾ 60 ಗೋಡೆಯ ಎತ್ತರ, ಅಂದರೆ 141. ಮೇಲೊಂದು ಕೆಳಗೊಂದು ಸೇರಿ 282. ನಡುವಿನ ಡಿಸ್ಕು 18 ಇಂಚು, 457. ಒಟ್ಟು 739 ಮಿಲಿಮೀಟರ್. 225/65 ಆರ್ 17 ಹಾಕಿದರೆ ಒಟ್ಟು 724. ವ್ಯತ್ಯಾಸ ಶೇಕಡಾ 2. ಮೀಟರಿನಲ್ಲಿ ನೂರು ತೋರಿಸಿದಾಗ ನಿಜವಾದ ವೇಗ 98. ಡಿಸ್ಕು ಒಂದಿಂಚು ಸಣ್ಣದಾದರೆ ಬೆಲೆ ಇಳಿಯುತ್ತದೆ, ರಬ್ಬರಿನ ಗೋಡೆ ಎತ್ತರವಾಗಿ ಹೊಂಡದ ಹೊಡೆತ ತಡೆಯುತ್ತದೆ, ತುಸು ಕಿರಿದಾದ ಟೈರು ಹಿಮವನ್ನು ಕತ್ತರಿಸಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಬ್ರೇಕಿಗೆ ತಾಗದೆ ಕೂರುತ್ತದೆಯೇ ಎಂದು ಮಾತ್ರ ಅಂಗಡಿಯಲ್ಲಿ ನೋಡಿಸಿಕೊಳ್ಳಿ, ಹಾಕುವುದಾದರೆ ನಾಲ್ಕೂ ಹಾಕಿ, ಎರಡು ಹಾಕಿ ಜಾಣರಾಗಬೇಡಿ, ಥಂಡಿಗೆ ಹವಾ ಇಳಿಯುತ್ತದೆ, ಆಗಾಗ ನೋಡುತ್ತಿರಿ, ನಟ್ಟುಗಳನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ. ಭಾನುವಾರ ಇದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೊನೆಗೆ, "ಅಂಗಡಿಯವನು ಹಳೆಯ ಮಾಲು ಕೊಟ್ಟಾನು, ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ, ಓದಿ ತೆಗೆದುಕೊಳ್ಳಿ. ಹಲ್ಲು ಎಷ್ಟು ಹೊಸದಿದ್ದರೂ ವಯಸ್ಸಾದ ರಬ್ಬರಿಗೆ ಜೀವವಿರುವುದಿಲ್ಲ" ಎಂದೆ.

ಮಗಳು ಸುಮ್ಮನೆ ಕೇಳಿದಳು. ಆಮೇಲೆ ಕೇಳಿದಳು, "ಅಪ್ಪಾಜಿ, ನಿಮ್ಮ ಟೈರಿನ ಮೇಲೆ ಏನು ಬರೆದಿದೆ?"

ಈ ಮಾತನ್ನು ವಾರವಿಡೀ ತಿರುಗಿಸಿ ಮುರುಗಿಸಿ ಕೇಳಿಕೊಂಡಿದ್ದೇನೆ. ಕುಹಕವಿತ್ತೇ? ಇರಲಿಲ್ಲ. ಅಳಿಯ ಪಕ್ಕದಿಂದ ಹೇಳಿಕೊಟ್ಟನೇ? ಅವನು ಅಡುಗೆಮನೆಯಲ್ಲಿದ್ದ, ಪಾತ್ರೆಯ ಸದ್ದು ಕೇಳುತ್ತಿತ್ತು. ನಾನು ಅವಳಿಗೆ ಚಿಕ್ಕಂದಿನಲ್ಲಿ ಉತ್ತರ ಬಂದ ಮೇಲೆ "ತಾಳೆ ನೋಡು" ಎನ್ನುತ್ತಿದ್ದೆನಲ್ಲ, ಅದೇ ದನಿ.

ಫೋನು ಹಿಡಿದುಕೊಂಡೇ ಹೊರಗೆ ಬಂದೆ. ಆ ಅಂಕಿಗಳು ಟೈರಿನ ಎರಡೂ ಬದಿಗೆ ಇರಬೇಕೆಂದಿಲ್ಲ. ನಮ್ಮ ಕಾರಿನಲ್ಲಿ ಒಳಬದಿಗಿದ್ದವು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮಲಗಿ, ಧೂಳು ಒರೆಸಿದೆ. ಮೂರು, ಎರಡು, ಒಂದು, ನಾಲ್ಕು. 2014ರ ಮೂವತ್ತೆರಡನೆಯ ವಾರ. ಆಗಸ್ಟ್ ತಿಂಗಳು, ಶ್ರಾವಣ. ಮಗಳು ಆಗ ಎರಡನೆಯ ಪಿಯುಸಿ.

"ಮೂರು ಎರಡು ಎರಡು ಸೊನ್ನೆ" ಎಂದೆ.

"2020. ಪರವಾಗಿಲ್ಲ" ಎಂದಳು. ಸ್ವಲ್ಪ ತಡೆದು, "ಪರವಾಗಿಲ್ಲ ಅಲ್ಲವೇ ಅಪ್ಪಾಜಿ?" ಎಂದಳು.

ವಾರವನ್ನು ಸರಿಯಾಗಿ ಹೇಳಿ ವರ್ಷವನ್ನಷ್ಟೇ ತಿದ್ದಿದೆ. ಪ್ರಗತಿಪತ್ರದಲ್ಲಿ 14 ಅಂಕವನ್ನು 44 ಮಾಡಿಕೊಂಡು ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

ಅದೇಕೆ ಸುಳ್ಳು ಹೇಳಿದೆ? ಕಾರು ಹನ್ನೊಂದು ವರ್ಷದಲ್ಲಿ ಓಡಿರುವುದು 29 ಸಾವಿರ ಕಿಲೋಮೀಟರ್. ಟೈರಿನ ಹಲ್ಲು ಇನ್ನೂ ಎದ್ದು ಕಾಣುತ್ತವೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ವರ್ಷ ಒಣಗಿದ ರಬ್ಬರು ಇದು ಎಂಬ ಯೋಚನೆಯೇ ಬಂದಿರಲಿಲ್ಲ. ಹಲ್ಲು ಚೆನ್ನಾಗಿದ್ದರೂ ಹತ್ತು ವರ್ಷವಾದ ಟೈರನ್ನು ಇಟ್ಟುಕೊಳ್ಳಬಾರದು ಎಂದು ತಯಾರಕರೇ ಹೇಳುತ್ತಾರೆ. ಇದೇ ಟೈರಿನ ಮೇಲೆ ಹೋದ ತಿಂಗಳು ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ ಹೋಗಿ ರಾತ್ರಿ ವಾಪಸು ಬಂದಿದ್ದೇವೆ, ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಮಗಳಿಗೆ ನಿಜ ಹೇಳಿದ್ದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ ಎಂದು ಸೋಮವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ ಅದು ಅರ್ಧ ಸತ್ಯ ಎನಿಸಿತು. ಬೆಟ್ಟದ ಗುರುತಿನಿಂದ ಹಿಡಿದು ನಟ್ಟಿನವರೆಗೆ ಪಾಠ ಮಾಡಿದವನು ಅಷ್ಟು ಹೊತ್ತಿಗೆ ನೆಲದ ಮೇಲೆ ಮಲಗಿದ್ದ, ಇನ್ನೂ ಕೆಳಗೆ ಇಳಿಯಲು ಜಾಗವಿರಲಿಲ್ಲ.

ಇಂಥದ್ದು ಇದೇ ಮೊದಲಲ್ಲ. ಆಗಸ್ಟಿನಲ್ಲಿ ನಮ್ಮ ಮನೆಯವಳು ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಾಗ ಆರು ವಾರ ಸೆರಗಿನಡಿ ಕೈ ಇಟ್ಟುಕೊಂಡು ವಿಡಿಯೊ ಕರೆಯಲ್ಲಿ ನಗುತ್ತ ಕುಳಿತಿದ್ದಳು. ಮಗಳಾದರೂ ಕಡಿಮೆಯೇ? ಹೋದ ವರ್ಷ ಅವಳಿಗೆ ನಾಲ್ಕು ತಿಂಗಳು ಕೆಲಸವಿರಲಿಲ್ಲ ಎಂಬುದು ನಮಗೆ ತಿಳಿದದ್ದು ಐದನೆಯ ತಿಂಗಳಲ್ಲಿ, ಹೊಸ ಕೆಲಸ ಸಿಕ್ಕ ಸುದ್ದಿಯ ಬಾಲವಾಗಿ. ಆ ನಾಲ್ಕು ತಿಂಗಳೂ ಪ್ರತಿ ಭಾನುವಾರ "ಆಫೀಸು ಹೇಗಿದೆ?" ಎಂದು ಕೇಳಿದ್ದೆ, "ಚೆನ್ನಾಗಿದೆ" ಎಂದಿದ್ದಳು. ನಮ್ಮ ಮನೆಯಲ್ಲಿ ಭಾನುವಾರದ ಮಾತಿನಲ್ಲಿ ನಿಜವಾಗಿಯೂ ನಂಬಬಹುದಾದದ್ದು ಹವಾಮಾನವೊಂದೇ. ಅಲ್ಲಿ ಮೈನಸ್ 14, ಇಲ್ಲಿ 15.

ಬುಧವಾರ ಟೈರಂಗಡಿಗೆ ಹೋದೆವು. ಅಂಗಡಿ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ನಪಾಸಾದವನು. ಈಗ ಬೆರಳ ತುದಿಯಲ್ಲಿ ಲೆಕ್ಕ ಇಟ್ಟುಕೊಂಡಿದ್ದಾನೆ. ಗಾಲಿ ಬಿಚ್ಚಿ, ಟೈರಿನ ಗೋಡೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಬಾಗಿಸಿದ. ಬೇಸಿಗೆಯ ಎರೆಹೊಲದ ಹಾಗೆ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. "ಸರ್, ಇದು 14ನೇ ಇಸವಿಯದು. ನೀವು ನೋಡಿರಲಿಲ್ಲವೇ?"

"ಇಲ್ಲಪ್ಪ" ಎಂದೆ. ಒಂದೇ ವಾರದಲ್ಲಿ ಎರಡು.

ನಮ್ಮ ಮನೆಯವಳು ಕಾರಿನಿಂದ ಇಳಿದು ಬಂದು, ಬಿರುಕಿನ ಮೇಲೆ ಬೆರಳಾಡಿಸಿ, "ಖಡಕ್ ರೊಟ್ಟಿ" ಎಂದು ಹೇಳಿ ಮತ್ತೆ ಹೋಗಿ ಕುಳಿತಳು. ಸ್ಟೆಪ್ನಿ ಕೂಡ ಅದೇ ವರ್ಷದ್ದು, ಒಮ್ಮೆಯೂ ನೆಲ ಮುಟ್ಟಿರಲಿಲ್ಲ, ಆದರೂ ಮುದಿಯಾಗಿತ್ತು. ಐದೂ ಬದಲಾಯಿಸಿದೆ. ಹೊಸ ಟೈರುಗಳ ಮೇಲೆ ಓದಿ ನೋಡಿದೆ, 3825. ಹಲ್ಲಿನ ಮೇಲೆ ಬಣ್ಣದ ಕಾಗದದ ಪಟ್ಟಿ ಅಂಟಿಸಿತ್ತು. ತೆಗೆಯಲು ಹೋದರೆ ಹುಡುಗ ತಡೆದ: "ಬಿಡಿ ಸರ್, ಎರಡು ಕಿಲೋಮೀಟರ್ ಓಡಿದರೆ ತಾನೇ ಹೋಗುತ್ತದೆ." ಮನೆ ಮುಟ್ಟುವಷ್ಟರಲ್ಲಿ ಹೋಗಿತ್ತು ಕೂಡ. ಫೋಟೊ ತೆಗೆದೆ. ಮಗಳಿಗೆ ಕಳುಹಿಸಲು ಹೋಗಿ ನಿಲ್ಲಿಸಿದೆ. 2020ರ ಟೈರನ್ನು ಯಾರಾದರೂ ಏಕೆ ಬದಲಾಯಿಸುತ್ತಾರೆ?

ನಿನ್ನೆ ಬೆಳಿಗ್ಗೆ ಅವಳದೇ ಫೋಟೊ ಬಂತು. ಕರಿ ಡಿಸ್ಕು, ದಪ್ಪ ಹಲ್ಲು, ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಹರಳು. ಕೆಳಗೆ "ಸೋಮವಾರವೇ ಹಾಕಿಸಿದೆವು, ದಿನಾ ಓಡಿಸುತ್ತಿದ್ದೇವೆ. ಇನ್ನು ಚಿಂತೆ ಬಿಡಿ ಅಪ್ಪಾಜಿ" ಎಂದು ಬರೆದಿದ್ದಳು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದೆ. ಹಲ್ಲಿನ ಮೇಲೆ ಕಾಗದದ ಪಟ್ಟಿ ಹಾಗೆಯೇ ಇತ್ತು, ಒಂದು ಮೂಲೆಯೂ ಕಿತ್ತಿರಲಿಲ್ಲ.

"ಚೆನ್ನಾಗಿವೆ" ಎಂದು ಬರೆದೆ. "ಇವತ್ತು ಹಿಮ ಬೀಳುತ್ತಿದೆಯೇ?"

"ಬೀಳುತ್ತಿದೆ. ನಿಮ್ಮ ಟೈರು 2020 ಅಲ್ಲವೇ?"

"ಹೌದು" ಎಂದು ಬರೆದು ಕಳುಹಿಸಿದೆ.