ಮಳೆ ಹಿಂದೆ ಸರಿದ ಮೇಲೆ ಗುಲಾಬಿಗೆ ಕತ್ತರಿ: ಪುಣೆಯ ಕೈತೋಟಗಳ ಅನುಭವ

ಪುಣೆಯ ಕೋಥ್ರುಡ್, ಔಂಧ್ ಭಾಗದ ಮನೆಗಳ ಕೈತೋಟಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಗುಲಾಬಿಯನ್ನು ಯಾವಾಗ ಸವರುತ್ತೀರಿ ಎಂದು ಮನೆಯವರು ವಿಚಾರಿಸತೊಡಗುತ್ತಾರೆ. ಚಳಿಗಾಲದ ಕೊನೆಗೆ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಸವರಬೇಕೆಂದು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿದವರೂ ಅವರಲ್ಲಿ ಇರುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ಗಿಡವು ಎಲೆ ಉದುರಿಸಿ ವಿಶ್ರಾಂತಿ ಪಡೆಯುವುದರಿಂದ ಆ ಮಾತು ಅಲ್ಲಿಗೆ ಸರಿ. ಪುಣೆಯ ಚಳಿಗೆ ಗುಲಾಬಿ ಹಾಗೆ ಮಲಗುವುದಿಲ್ಲ. ಇಲ್ಲಿ ಅದನ್ನು ದಣಿಸುವುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆಗಳು ಒಣಗಲು ಬಿಡುವೇ ಸಿಗದೆ ಕಪ್ಪುಚುಕ್ಕೆ ರೋಗ ಹಬ್ಬುತ್ತದೆ, ಕೆಳಗಿನ ಎಲೆಗಳು ಉದುರುತ್ತವೆ, ರೆಂಬೆಗಳು ಬಡಕಲಾಗಿ ಮೇಲಕ್ಕೆ ಚಾಚಿಕೊಳ್ಳುತ್ತವೆ. ಆದ್ದರಿಂದ ನಮ್ಮ ಚಾಟನಿಯ, ಅಂದರೆ ಗಿಡ ಸವರುವ, ಕಾಲವನ್ನು ನಿರ್ಧರಿಸುವುದು ಚಳಿಯಲ್ಲ, ಮಳೆಯ ನಿರ್ಗಮನ. ಸಾಮಾನ್ಯವಾಗಿ ಅದು ಅಕ್ಟೋಬರ್ ಮಧ್ಯಭಾಗ.

ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಸಿಲು ಬಿದ್ದೊಡನೆ ಕತ್ತರಿ ಹಿಡಿಯುವವರಿದ್ದಾರೆ. ಮತ್ತೆ ಮಳೆ ಹಿಡಿದರೆ, ಕತ್ತರಿಸಿದ ಹಸಿ ತುದಿ ಒದ್ದೆಯಾಗಿಯೇ ಉಳಿದು ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆ. ಹೀಗೆ ತಗಲುವ ಡೈಬ್ಯಾಕ್ ಎಂಬ ರೋಗದಲ್ಲಿ ರೆಂಬೆಯು ತುದಿಯಿಂದ ಬುಡದ ಕಡೆಗೆ ಕಪ್ಪಾಗುತ್ತಾ ಇಳಿಯುತ್ತದೆ.

ಹೂವು ಯಾವ ದಿನಕ್ಕೆ ಬೇಕೆಂದು ಮನೆಯವರನ್ನು ಮೊದಲೇ ಕೇಳಿಕೊಳ್ಳುವುದನ್ನು ಈ ಕೆಲಸ ನನಗೆ ಕಲಿಸಿದೆ. ಉದ್ದ ಕಡ್ಡಿಗೆ ಒಂದೊಂದೇ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಜಾತಿಯ ಗಿಡಗಳು ಅಕ್ಟೋಬರ್‌ನಲ್ಲಿ ಸವರಿದ ಸುಮಾರು 45 ದಿನಗಳಿಗೆ ಅರಳುತ್ತವೆ. ಡಿಸೆಂಬರ್‌ನ ತಣ್ಣನೆಯ ರಾತ್ರಿಗಳು ಸೇರಿಕೊಂಡರೆ ಒಂದು ವಾರ ಹೆಚ್ಚೇ ಹಿಡಿಯುತ್ತದೆ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪ ಪ್ರದರ್ಶನಕ್ಕೆ ಹೂ ಒಯ್ಯಬೇಕೆನ್ನುವವರ ಕೆಲವು ಗಿಡಗಳನ್ನು ಇದೇ ಲೆಕ್ಕದಿಂದ ತಡವಾಗಿ ಸವರುತ್ತೇವೆ. ಮಾವಳ ತಾಲೂಕಿನ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಯುವ ರೈತರು ಫೆಬ್ರವರಿ 14ರ ಮಾರುಕಟ್ಟೆಗೆಂದು ಡಿಸೆಂಬರ್‌ನಲ್ಲೇ ಕತ್ತರಿಸುವುದೂ ಹೀಗೆ ಹಿಂದಕ್ಕೆ ಎಣಿಸಿಯೇ.

ಸವರುವ ಕ್ರಮದಲ್ಲಿ ಮೊದಲು ಹೋಗಬೇಕಾದವು ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ಮತ್ತು ಪೆನ್ಸಿಲ್‌ಗಿಂತ ಸಣಕಲಾದ ರೆಂಬೆಗಳು. ಕಸಿಗಂಟಿನ (ಬುಡದಲ್ಲಿ ಕಸಿ ಕೂಡಿಸಿದ ಜಾಗದ) ಕೆಳಗಿನಿಂದ ಹೊರಟ ಕಾಡು ಚಿಗುರನ್ನು ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಮೇಲ್ಮಟ್ಟದಲ್ಲಿ ಕತ್ತರಿಸಿದರೆ ಅದು ಇನ್ನಷ್ಟು ಕವಲೊಡೆಯುತ್ತದೆ. ಉಳಿದ ನಾಲ್ಕೈದು ಗಟ್ಟಿ ರೆಂಬೆಗಳನ್ನು ಒಂದೂವರೆ ಅಡಿ ಎತ್ತರಕ್ಕೆ ತಂದು, ಹೊರಮುಖವಾಗಿರುವ ಕಣ್ಣನ್ನು (ಚಿಗುರು ಒಡೆಯುವ ಮೊಗ್ಗನ್ನು) ಹುಡುಕಿ, ಅದರಿಂದ ಸುಮಾರು 6 ಮಿಲಿಮೀಟರ್ ಮೇಲೆ, ನೀರು ಕಣ್ಣಿನ ವಿರುದ್ಧ ದಿಕ್ಕಿಗೆ ಜಾರುವಂತೆ ಓರೆಯಾಗಿ ಕತ್ತರಿಸುತ್ತೇವೆ. ಕತ್ತರಿಸಿದ ಕೂಡಲೇ ತಿರುಳನ್ನು ನೋಡಬೇಕು. ಅದು ಕಂದಾಗಿದ್ದರೆ ರೋಗ ಅಲ್ಲಿಯವರೆಗೆ ಇಳಿದಿದೆ ಎಂದರ್ಥ. ಬಿಳಿ ತಿರುಳು ಕಾಣುವವರೆಗೂ, ಎತ್ತರದ ಆಸೆ ಬಿಟ್ಟು, ಒಂದೊಂದೇ ಕಣ್ಣು ಕೆಳಗಿಳಿಯಬೇಕು. ಹೊಸ ಹುಡುಗರು ಎಡವುವುದು ಇಲ್ಲಿಯೇ: ಎಲ್ಲ ಗಿಡಗಳನ್ನೂ ಒಂದೇ ಎತ್ತರಕ್ಕೆ ಬೇಲಿಯಂತೆ ಕತ್ತರಿಸಿ, ಕೆಲಸ ಚೊಕ್ಕಟವಾಯಿತೆಂದು ಸಮಾಧಾನಪಡುತ್ತಾರೆ.

ಧಾರವಾಡದಿಂದ ಬಂದು ಇಲ್ಲಿಯೇ ನೆಲೆಸಿರುವ ಅಜ್ಜಿಯೊಬ್ಬರು ಪ್ರತಿವರ್ಷ ಪಕ್ಕದಲ್ಲಿ ನಿಂತು, “ಇಷ್ಟ್ಯಾಕ ಬೋಳಿಸ್ತೀಯೋ ತಮ್ಮಾ, ಗಿಡಾ ಉಳೀತದೇನು?” ಎಂದು ಕೇಳುತ್ತಾರೆ. ಅವರ ಪೂಜೆಯ ಗಾವಠಿ, ಅಂದರೆ ನಾಟಿ, ಗುಲಾಬಿಯ ಮಟ್ಟಿಗೆ ಅವರ ಆತಂಕ ನ್ಯಾಯವಾದದ್ದೇ. ನಾಟಿ ಗುಲಾಬಿಗಳನ್ನೂ ಮಿನಿಯೇಚರ್ ಗಿಡಗಳನ್ನೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಾನು ತೆಗೆಯುವುದಿಲ್ಲ. ಬಳ್ಳಿ ಗುಲಾಬಿಯ ಉದ್ದ ರೆಂಬೆಗಳನ್ನು ಅಡ್ಡಲಾಗಿ ಬಾಗಿಸಿ ಕಟ್ಟಿ, ಪಕ್ಕದ ಕವಲುಗಳನ್ನಷ್ಟೇ ಗಿಡ್ಡ ಮಾಡಿದರೆ ಸಾಕು.

ಸಿಕೇಟರ್, ಅಂದರೆ ಗಿಡ ಸವರುವ ಕತ್ತರಿ, ಹರಿತವಾಗಿರಬೇಕು, ಮೊಂಡಾದದ್ದು ರೆಂಬೆಯನ್ನು ಜಜ್ಜುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅದನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳುತ್ತೇವೆ. ದಪ್ಪ ರೆಂಬೆಗಳ ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುತ್ತೇವೆ. ಬುಡದಲ್ಲಿ ಉದುರಿದ ಎಲೆಗಳನ್ನು ಒಂದೂ ಬಿಡದೆ ಆರಿಸಿ ಹೊರಗೆ ಸಾಗಿಸಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಕಪ್ಪುಚುಕ್ಕೆಯ ಶಿಲೀಂಧ್ರ ಉಳಿದುಕೊಳ್ಳುವುದು ಅವುಗಳಲ್ಲಿಯೇ. ಬೇರು ಬಿಡಿಸಿ ಬಿಸಿಲಿಗೆ ಒಡ್ಡುವ ಹಳೆಯ ಪದ್ಧತಿಯನ್ನು ಕುಂಡದ ಗಿಡಗಳಿಗೆ ನಾನು ಅನುಸರಿಸುವುದಿಲ್ಲ. ಮೇಲ್ಮಣ್ಣು ಸಡಿಲಿಸಿ, ಚೆನ್ನಾಗಿ ಕಳಿತ ಸಗಣಿಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸುತ್ತೇನೆ. ಎಲೆಯಿಲ್ಲದ ಗಿಡ ಹೆಚ್ಚು ನೀರು ಕುಡಿಯುವುದಿಲ್ಲವಾದ್ದರಿಂದ ಚಿಗುರು ಕಾಣುವವರೆಗೆ ನೀರಿನಲ್ಲಿ ಕೈ ಹಿಡಿತವಿರಬೇಕು.

ನಂತರದ ತಿಂಗಳುಗಳಲ್ಲಿ ಬಾಡಿದ ಹೂವನ್ನು ಅದರ ಕೆಳಗೆ ಸಿಗುವ ಮೊದಲ ಐದೆಲೆಯ ಗರಿಯವರೆಗೆ ತೆಗೆಯುತ್ತಾ ಬಂದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಗಿಡ ಎಷ್ಟೇ ಅಡ್ಡಾದಿಡ್ಡಿ ಬೆಳೆದಿದ್ದರೂ ಗಾಢವಾಗಿ ಸವರಲು ನಾನು ಒಪ್ಪುವುದಿಲ್ಲ. ಎಲೆಗಳ ನೆರಳು ಹೋದರೆ ಬರಿ ರೆಂಬೆಗಳ ತೊಗಟೆ ಬಿಸಿಲಿಗೆ ಸುಟ್ಟು ಸೀಳುತ್ತದೆ.